ಲಿಂಕನ್ನರ ದಿಗ್ಬಂಧನ, ಕಾರವಾರದ ಬಂದರು

ಅಂಕೋಲೆಯಿಂದ ಹಟ್ಟಿಕೇರಿ ದಾಟಿ ಕಾರವಾರದತ್ತ ಸಾಗಿದರೆ ಸಿಗುವುದು 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆ. ಆದರೆ 1860ರ ದಶಕದಲ್ಲಿ ಈ ಕರಾವಳಿಯ ದೆಸೆಯನ್ನೇ ಅಲುಗಾಡಿಸಿದ ನೌಕಾಪಡೆ ಅಮೆರಿಕದ್ದು. ಅದು ಇತ್ತ ಬಂದದ್ದೇ ಇಲ್ಲ!

1861ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಳ್ಳುತ್ತಲೇ ಅಧ್ಯಕ್ಷ ಲಿಂಕನ್ ದಕ್ಷಿಣದ ಬಂಡಾಯ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ವಿಧಿಸಿದರು. ಕಾಯಬೇಕಾದ ಕರಾವಳಿ ಸುಮಾರು 3,500 ಮೈಲಿ. ಮೊದಮೊದಲು ಅದು ತೂತುಬಿದ್ದ ಬಲೆ. ಹಡಗುಗಳು ಹೆಚ್ಚಿದಂತೆ ಬಿಗಿಯಾಯಿತು. ಹತ್ತಿ ತಡೆಹಿಡಿದರೆ ಇಂಗ್ಲೆಂಡ್ ತಮ್ಮ ನೆರವಿಗೆ ಬಂದೀತೆಂದು ದಕ್ಷಿಣದವರೂ ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪಿತು. ಮುಕ್ಕಾಲು ಪಾಲು ಹತ್ತಿಗೆ ಅಮೆರಿಕವನ್ನೇ ನಂಬಿದ್ದ ಲ್ಯಾಂಕಾಷೈರ್ ಗಿರಣಿಗಳ ಕಣ್ಣು ಭಾರತದತ್ತ ಹೊರಳಿತು.

ಧಾರವಾಡ ಸೀಮೆಯ ಕಪ್ಪು ನೆಲದಲ್ಲಿ 1840ರ ದಶಕದಿಂದಲೇ ಅಮೆರಿಕನ್ ತಳಿಯ ಹತ್ತಿ ಬೆಳೆಯುತ್ತಿತ್ತು. ಅದನ್ನು ಘಟ್ಟ ಇಳಿಸಲು ಸದಾಶಿವಗಡ, ಕಾರವಾರದ ಬಂದರು ಬೇಕೆಂದು ವ್ಯಾಪಾರಿಗಳು ಮೊದಲೇ ಕೇಳುತ್ತಿದ್ದರು. ಅವಸರ ತಂದದ್ದು ಯುದ್ಧ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯವರು ಯಂತ್ರ ಕಟ್ಟಿಕೊಂಡು ಬಂದಾಗ ಧಕ್ಕೆಯೂ ಆಗಿರಲಿಲ್ಲ, ಘಟ್ಟದ ರಸ್ತೆಯೂ ಮುಗಿದಿರಲಿಲ್ಲ. ಸರ್ಕಾರಿ ಅವಸರ ಎಂದರೆ ಆಗಲೂ ಅಷ್ಟೇ ಎನ್ನಬೇಕು.

1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ನೆಲಕಚ್ಚಿತು. ದುಬಾರಿ ದಿನಗಳನ್ನು ನಂಬಿ ಸಾಲ ಎತ್ತಿದವರು ಮುಳುಗಿದರು. 1880ರ ದಶಕದ ಕೊನೆಗೆ ಮಾರ್ಮಗೋವಾ ರೈಲು ಬಯಲುಸೀಮೆಯ ಸರಕನ್ನು ಗೋವೆಯತ್ತ ಸೆಳೆಯಿತು. ಕಾರವಾರದಲ್ಲಿ ಉಳಿದದ್ದು ಜಿಲ್ಲಾ ಕಚೇರಿ.