ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದ ಪರದೇಶಿ ದಂಪತಿ

ಕನ್ನಡದಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನು. ಅದೇ ಮಾತಿಗೆ ಗತಿಗೆಟ್ಟವನು, ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಅರಬ್ಬಿಯಲ್ಲಿ ‘ಗರೀಬ್’ ಎಂದರೆ ಅಪರಿಚಿತ, ಪರಸ್ಥಳದವನು. ಉರ್ದುವಿಗೆ ಬರುವ ಹೊತ್ತಿಗೆ ಅವನು ಬಡವನಾಗಿದ್ದಾನೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮಾತುಗಳು ಒಂದೇ ದಾರಿಯಲ್ಲಿ ನಡೆದು ಬಂದಿರುವುದು ನಮಗೆ ಆಕಸ್ಮಿಕವೆಂದು ತೋರುವುದಿಲ್ಲ. ಊರು ಬಿಟ್ಟವನ ಬೆಲೆ ಇಳಿಯುತ್ತದೆಂಬುದನ್ನು ಎರಡೂ ಕಡೆಯ ಜನ ಕಂಡುಕೊಂಡಿದ್ದರು.

ಈ ಮಾತುಗಳ ನೆನಪಾಗುವುದು ಯಶವಂತಪುರದ ಮಗ್ಗುಲಲ್ಲೇ ನಡೆದ ಒಂದು ಪ್ರಸಂಗದಿಂದ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಮೀನಿನಲ್ಲಿ ಎದ್ದ ಭಾರತೀಯ ವಿಜ್ಞಾನ ಸಂಸ್ಥೆ ಹಳಬರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟೇ. 1935ರ ಚಳಿಗಾಲದಲ್ಲಿ ಅಲ್ಲಿಗೆ ಜರ್ಮನಿಯ ದಂಪತಿಗಳು ಬಂದಿಳಿದರು. ಗಂಡ ಮ್ಯಾಕ್ಸ್ ಬಾರ್ನ್, ಹೆಂಡತಿ ಹೆಡ್ವಿಗ್. ಮನೆಯವರಿಗೆ, ಸ್ನೇಹಿತರಿಗೆ ಆಕೆ ಹೆಡಿ.

ಬಾರ್ನ್ ಸಾಮಾನ್ಯ ಆಸಾಮಿಯಲ್ಲ. ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ; ಇಪ್ಪತ್ತರ ದಶಕದಲ್ಲಿ ಕ್ವಾಂಟಮ್ ವಿಜ್ಞಾನ ಬೆಳೆದದ್ದು ಅವರ ಸುತ್ತ, ಹೈಸೆನ್‌ಬರ್ಗ್ ಅವರ ಸಹಾಯಕನಾಗಿದ್ದವರು. ಆದರೆ 1933ರ ಏಪ್ರಿಲಿನಲ್ಲಿ ಹಿಟ್ಲರನ ಸರಕಾರ ಯಹೂದಿ ಮೂಲದವರನ್ನು ಸರಕಾರಿ ನೌಕರಿಯಿಂದ ತೆಗೆಯುವ ಕಾನೂನು ತಂದಾಗ ಈ ಕೀರ್ತಿ ಯಾವ ಉಪಯೋಗಕ್ಕೂ ಬರಲಿಲ್ಲ. ಬಾರ್ನ್ ಲುಥೆರನ್ ಚರ್ಚಿನಲ್ಲಿ ದೀಕ್ಷೆ ಪಡೆದು ಎಷ್ಟೋ ವರ್ಷಗಳಾಗಿದ್ದವು. ಹೆಡಿ ಕ್ರೈಸ್ತ ಮನೆಯಲ್ಲೇ ಬೆಳೆದವರು, ತಂದೆಯ ಕಡೆಯ ಹಿರಿಯರು ಮಾತ್ರ ಯಹೂದಿಗಳು. ಕಾನೂನು ನೋಡಿದ್ದು ನಂಬಿಕೆಯನ್ನಲ್ಲ, ವಂಶವನ್ನು. ಸಂಸಾರ ಊರು ಬಿಟ್ಟಿತು. ಕೇಂಬ್ರಿಜ್ ಆಶ್ರಯ ಕೊಟ್ಟಿತು, ಆದರೆ ಅದು ತಾತ್ಕಾಲಿಕ ಕೆಲಸ. ಐವತ್ತು ದಾಟಿದ ಮನುಷ್ಯ ಮುಂದೇನು ಎಂದು ಯೋಚಿಸುತ್ತಿದ್ದಾಗ ಬೆಂಗಳೂರಿನಿಂದ ಸರ್ ಸಿ.ವಿ. ರಾಮನ್ ಅವರ ಕರೆ ಬಂತು.

ರಾಮನ್ 1933ರಲ್ಲಿ ಕಲ್ಕತ್ತೆಯಿಂದ ಬಂದು ಸಂಸ್ಥೆಯ ನಿರ್ದೇಶಕರಾಗಿದ್ದರು. ಆ ಕುರ್ಚಿಯಲ್ಲಿ ಕುಳಿತ ಮೊದಲ ಭಾರತೀಯ. ಜರ್ಮನಿ ಹೊರಗೆ ಎಸೆಯುತ್ತಿದ್ದ ವಿದ್ವಾಂಸರನ್ನು ಬೆಂಗಳೂರು ಬಾಚಿಕೊಳ್ಳಬೇಕು ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಬಾರ್ನ್ ಇಲ್ಲಿ ಪಾಠ ಹೇಳಿದರು, ರಾಮನ್ ಅವರ ಶಿಷ್ಯ ನಾಗೇಂದ್ರನಾಥ್ ಜೊತೆ ಸೇರಿ ಪ್ರಬಂಧ ಬರೆದರು. ಅವರನ್ನು ಇಲ್ಲೇ ಉಳಿಸಿಕೊಳ್ಳಲು ಗಣಿತೀಯ ಭೌತಶಾಸ್ತ್ರಕ್ಕೊಂದು ಕಾಯಂ ಹುದ್ದೆ ಬೇಕೆಂದು ರಾಮನ್ ಸಂಸ್ಥೆಯ ಸಭೆಯಲ್ಲಿ ಪ್ರಸ್ತಾಪವಿಟ್ಟರು.

ಆ ಸಭೆಯಲ್ಲಿ ಬಾರ್ನ್ ಕೂಡ ಕುಳಿತಿದ್ದರು. ಎದ್ದು ವಿರೋಧಿಸಿದವರು ಇಂಗ್ಲೆಂಡಿನಿಂದ ಬಂದಿದ್ದ ವಿದ್ಯುತ್ ವಿಭಾಗದ ಪ್ರಾಧ್ಯಾಪಕ ಆಸ್ಟನ್. ತನ್ನ ದೇಶದವರೇ ಓಡಿಸಿದ ಎರಡನೇ ದರ್ಜೆಯ ವಿದೇಶಿ ನಮಗೆ ಸಾಲದು ಎಂಬುದು ಅವರ ಮಾತಿನ ತಾತ್ಪರ್ಯ. ಬಾರ್ನ್ ದಂಪತಿಗಳು ಆಸ್ಟನ್ ಕುಟುಂಬದೊಡನೆ ಪ್ರೀತಿಯಿಂದ ನಡೆದುಕೊಂಡಿದ್ದರು. ಆ ದಿನ ಮನೆಗೆ ಮರಳಿ ಹೆಂಡತಿಯ ಎದುರು ಅತ್ತುಬಿಟ್ಟುದನ್ನು ಬಾರ್ನ್ ತಾವೇ ಬರೆದಿದ್ದಾರೆ.

‘ಎರಡನೇ ದರ್ಜೆ’ ಎಂಬ ಮಾತನ್ನು ಕಾಲ ಸುಳ್ಳು ಮಾಡಿತು; 1954ರಲ್ಲಿ ಬಾರ್ನ್ ಅವರಿಗೆ ನೊಬೆಲ್ ಬಂತು. ನಮ್ಮನ್ನು ಹೆಚ್ಚು ಕಾಡುವುದು ‘ಓಡಿಸಿದ’ ಎಂಬ ಮಾತು. ಓಡಿಸಿದವನ ಅಪರಾಧ ಇಲ್ಲಿ ಓಡಿಬಂದವನ ಕಳಂಕವಾಗಿದೆ. ಆಳುವವರ ಮೈಬಣ್ಣವಿದ್ದರೂ ಆಳುವವರ ದೇಶದವನಲ್ಲದಿದ್ದರೆ ವಸಾಹತಿನಲ್ಲಿ ಎಂಥ ಜಾಗ ಸಿಗುತ್ತಿತ್ತೆಂಬುದೂ ಇದರಲ್ಲಿ ಕಾಣುತ್ತದೆ. ಆಸ್ಟನ್ ಒಬ್ಬರನ್ನೇ ದೂರುವುದೂ ನ್ಯಾಯವಲ್ಲ. ರಾಮನ್ ಅವರ ಆತುರದ ಆಡಳಿತದಿಂದ ಸಂಸ್ಥೆಯೊಳಗೆ ಆಗಲೇ ಅಸಮಾಧಾನ ಹೊಗೆಯಾಡುತ್ತಿತ್ತು. 1937ರಲ್ಲಿ ರಾಮನ್ ಅವರೇ ನಿರ್ದೇಶಕ ಪದವಿ ಬಿಡಬೇಕಾಯಿತು. ದೊಡ್ಡವರ ಜಗಳದಲ್ಲಿ ಆಶ್ರಯ ಕೇಳಿ ಬಂದವನ ಅರ್ಜಿ ಹರಿದುಹೋಯಿತು.

1936ರಲ್ಲಿ ದಂಪತಿಗಳು ಇಂಗ್ಲೆಂಡಿಗೆ ಮರಳಿದರು, ಕೈಯಲ್ಲಿ ಕೆಲಸವಿಲ್ಲ. ಮಾಸ್ಕೋದಿಂದ ಕಪಿತ್ಸಾ ಕರೆದಾಗ ಬಾರ್ನ್ ರಷ್ಯನ್ ಕಲಿಯತೊಡಗಿದರು. ಪಾಠ ಹೇಳಿದವರು ರುಡಾಲ್ಫ್ ಪಯರ್ಲ್ಸ್ ಎಂಬ ವಿಜ್ಞಾನಿಯ ಪತ್ನಿ ಗೆನಿಯಾ. ಗಂಡ ಜರ್ಮನಿಯ ಯಹೂದಿ, ಹೆಂಡತಿ ರಷ್ಯದವಳು, ಸಂಸಾರ ಇಂಗ್ಲೆಂಡಿನಲ್ಲಿ! ಅಷ್ಟರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಪೀಠ ಸಿಕ್ಕಿತು. ಬ್ರಿಟಿಷ್ ಪೌರತ್ವದ ಪತ್ರ ಬಂದದ್ದು 1939ರ ಆಗಸ್ಟ್ 31ರಂದು. ಮರುದಿನ ಯುದ್ಧ ಶುರು. ಕೆಲವೇ ದಿನ ತಡವಾಗಿದ್ದರೆ ಅವರು ಶತ್ರು ದೇಶದವರಾಗಿ ಉಳಿಯುತ್ತಿದ್ದರು.

ವಲಸೆಯ ಚರಿತ್ರೆ ಬರೆಯುವವರು ಗಂಡಸಿನ ನೌಕರಿಯನ್ನೇ ಹಿಡಿದು ಬರೆಯುತ್ತಾರೆ. ಇಷ್ಟು ಹೊತ್ತು ನಾವು ಬರೆದದ್ದೂ ಅದನ್ನೇ. ಗಂಡನಿಗೆ ಎಲ್ಲಿ ಹೋದರೂ ಗಣಿತವೆಂಬ ಭಾಷೆಯಿತ್ತು. ಹೆಡಿ ಸಾಹಿತ್ಯದ ಒಲವಿನವರು, ಐನ್‌ಸ್ಟೈನರೊಡನೆ ಪತ್ರ ವ್ಯವಹಾರವಿಟ್ಟುಕೊಂಡಿದ್ದವರು. ಮನಸ್ಸು ತೆರೆಯಲು ಅವರಿಗಿದ್ದದ್ದು ಜರ್ಮನ್. ಆ ಭಾಷೆಯವರೇ ಅವರನ್ನು ಹೊರಗೆ ಹಾಕಿದ್ದರು. ಹೆಡಿ ಮುಂದೆ ಕ್ವೇಕರ್ ಪಂಥ ಸೇರಿದರು. ನಿವೃತ್ತಿಯ ನಂತರ ದಂಪತಿಗಳು ಜರ್ಮನಿಗೇ ಹಿಂದಿರುಗಿ ಬಾಡ್ ಪಿರ್ಮಾಂಟಿನಲ್ಲಿ ನೆಲೆಸಿದಾಗ ಐನ್‌ಸ್ಟೈನ್ ಪತ್ರ ಬರೆದು ಕಟುವಾಗಿ ಆಕ್ಷೇಪಿಸಿದರು: ನಮ್ಮವರನ್ನು ಕೊಂದ ನಾಡಿಗೆ ಹೇಗೆ ಹೋಗುತ್ತೀರಿ? ಬಾರ್ನ್ ಹೇಳಿದ ಕಾರಣಗಳಲ್ಲಿ ಒಂದು, ಜರ್ಮನ್ ಕ್ವೇಕರರ ನೆಲೆ ಆ ಊರಿನಲ್ಲಿದೆ ಎಂಬುದು. ಎಡಿನ್‌ಬರೋದ ಪಿಂಚಣಿ ಸಾಲುತ್ತಿರಲಿಲ್ಲ ಎಂಬುದೂ ನಿಜ. ಬಾರ್ನ್ 1970ರಲ್ಲಿ, ಹೆಡಿ 1972ರಲ್ಲಿ ತೀರಿಕೊಂಡರು.

ಬೆಂಗಳೂರಿನ ಕಡೆಯ ಕಥೆ ಮಾತ್ರ 1936ಕ್ಕೆ ಮುಗಿಯಲಿಲ್ಲ. ಬಾರ್ನ್ ಅವರ ತಂಗಿಯ ಮಗ ಆಟೋ ಕೋನಿಗ್ಸ್‌ಬರ್ಗರ್ ವಾಸ್ತುಶಿಲ್ಪಿ. ಆತನೂ 1933ರಲ್ಲಿ ನೌಕರಿ ಕಳೆದುಕೊಂಡು ಈಜಿಪ್ಟಿನಲ್ಲಿದ್ದ. ಮಾವನ ಬೆಂಗಳೂರಿನ ಪರಿಚಯ ಆತನನ್ನು ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಬಳಿ ತಲುಪಿಸಿತು. 1939ರಲ್ಲಿ ದಿವಾನರು ಆತನನ್ನು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ನೇಮಿಸಿದರು. ಮಿರ್ಜಾ ಅವರ ತಾತ ಅಲಿ ಅಸ್ಕರ್ 1824ರಲ್ಲಿ ಇರಾನಿನ ಶೀರಾಜಿನಿಂದ ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದ ಹುಡುಗ. ದಂಡು ಪ್ರದೇಶದ ರಸ್ತೆಯೊಂದಕ್ಕೆ ಈಗಲೂ ಅವರ ಹೆಸರಿದೆ. ಮೂರನೇ ತಲೆಮಾರಿನಲ್ಲಿ ಆ ಮನೆಯವರು ದಿವಾನರಾಗಿದ್ದರು.

ಕೋನಿಗ್ಸ್‌ಬರ್ಗರ್ 1948ರವರೆಗೆ ಮೈಸೂರು ಸಂಸ್ಥಾನದಲ್ಲಿ ದುಡಿದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರದು. ಸೋದರಮಾವನಿಗೆ ಜಾಗವಿಲ್ಲ ಎಂದ ಅದೇ ಟಾಟಾ ಇನ್‌ಸ್ಟಿಟ್ಯೂಟಿನೊಳಗೆ ವಿಮಾನ ವಿಭಾಗದ ಕಟ್ಟಡವನ್ನೂ, ವಿದ್ಯಾರ್ಥಿಗಳ ಊಟದ ಹಾಲನ್ನೂ ರೂಪಿಸಿದವರು ಅವರೇ.