ಎಷ್ಟನೇ ಬಂದೆ?



ಹೋದ ತಿಂಗಳು ನಮ್ಮ ಹೈಸ್ಕೂಲಿನ ಕ್ರೀಡಾಕೂಟದಲ್ಲಿ ನಾನು 400 ಮೀಟರ್ ಓಡಿದೆ. ಸಂಜೆ ಹಾಸನದಿಂದ ಅಜ್ಜಿ ವಿಡಿಯೋ ಕಾಲ್ ಮಾಡಿದರು. ಮೊದಲ ಪ್ರಶ್ನೆ, "ಎಷ್ಟನೇ ಬಂದೆ ಪುಟ್ಟಿ?" "ಆರನೆಯವಳು ಅಜ್ಜಿ" ಅಂದೆ. "ಹೋಗ್ಲಿ ಬಿಡು, ಊಟ ಆಯ್ತಾ?" ಅಂದರು. ಹೋದ ವರ್ಷಕ್ಕಿಂತ ನಾಲ್ಕು ಸೆಕೆಂಡ್ ಬೇಗ ಓಡಿದ್ದೆ ಎಂದು ಹೇಳುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿತ್ತು.

ಇನ್ನೆರಡು ವರ್ಷ ಓದು ಮುಖ್ಯ, ಓಟ ಬಿಡು ಅಂತ ಮನೆಯಲ್ಲೂ ಮಾತು ನಡೆಯುತ್ತಿದೆ. ಹಾಗಾಗಿ ಈ ಒಂದು ಸುತ್ತಿನ ಓಟದ ಇತಿಹಾಸವನ್ನು ಹುಡುಕಿ ಓದಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ.

ಪುರುಷರ 400 ಮೀಟರ್ ಓಟ 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಇತ್ತು. ಮಹಿಳೆಯರಿಗೆ ಅದು ಸಿಕ್ಕಿದ್ದು ಯಾವಾಗ ಗೊತ್ತಾ? 1964ರಲ್ಲಿ, ಟೋಕಿಯೋದಲ್ಲಿ! 1928ರಲ್ಲಿ ಮಹಿಳೆಯರು 800 ಮೀಟರ್ ಓಡಿದಾಗ ಅವರು ತುಂಬಾ ಸುಸ್ತಾದರು ಎಂದು ದೊಡ್ಡ ಗಲಾಟೆಯಾಗಿ, ಉದ್ದದ ಓಟಗಳನ್ನು ತೆಗೆದುಬಿಟ್ಟರು. 800 ಮೀಟರ್ ವಾಪಸ್ ಬಂದಿದ್ದು 1960ರಲ್ಲಿ. ಅದಾದ ಮೇಲೆ 400 ಮೀಟರ್ ಬಂತು. ಅದರ ಮೊದಲ ಚಿನ್ನ ಗೆದ್ದವರು ನಮ್ಮ ಆಸ್ಟ್ರೇಲಿಯಾದ ಬೆಟ್ಟಿ ಕತ್‌ಬರ್ಟ್. ಸಮಯ 52.0 ಸೆಕೆಂಡ್. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1986ರಲ್ಲಿ ಅಥೆನ್ಸ್‌ನಲ್ಲಿ ವಿಶ್ವ ಜೂನಿಯರ್ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ಶುರುವಾಯಿತು. ಈಗ ಇದನ್ನು 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್ ಅನ್ನುತ್ತಾರೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ.

ಟಿವಿಯಲ್ಲಿ 400 ಮೀಟರ್ ನೋಡಿದರೆ ಹೊರಗಿನ ಲೇನಿನವರು ಮುಂದೆ ನಿಂತಿರುತ್ತಾರೆ. ಅದು ಮೋಸವಲ್ಲ! ಹೊರಗಿನ ಲೇನಿನ ತಿರುವು ಉದ್ದ. ಎಲ್ಲರೂ ಸರಿಯಾಗಿ 400 ಮೀಟರ್ ಓಡಲಿ ಎಂದು ಹಾಗೆ ನಿಲ್ಲಿಸುತ್ತಾರೆ. ಆದ್ದರಿಂದ ಕೊನೆಯ ತಿರುವು ದಾಟುವವರೆಗೆ ನಿಜವಾಗಿ ಯಾರು ಮುಂದಿದ್ದಾರೆ ಎಂದು ಹೇಳುವುದು ಕಷ್ಟ.

2018ರ ಜುಲೈ 12ರಂದು ಫಿನ್ಲೆಂಡಿನ ಟಾಂಪೆರೆಯಲ್ಲಿ ಆಗಿದ್ದೂ ಅದೇ. ನಾಲ್ಕನೇ ಲೇನಿನಲ್ಲಿ ಹಿಮಾ ದಾಸ್ ಇದ್ದರು. ಅಸ್ಸಾಮಿನ ಢಿಂಗ್ ಊರಿನ ಹತ್ತಿರದ ಹಳ್ಳಿಯವರು, ಭತ್ತ ಬೆಳೆಯುವ ರೈತರ ಮಗಳು, ಆಗ 18 ವರ್ಷ. ಹೀಟ್ಸ್‌ನಲ್ಲಿ 52.25, ಸೆಮಿಫೈನಲ್‌ನಲ್ಲಿ 52.10 ಸೆಕೆಂಡ್ ಓಡಿದ್ದರು. ಫೈನಲ್‌ನಲ್ಲಿ ಕೊನೆಯ ತಿರುವಿನಲ್ಲಿ ರೊಮೇನಿಯಾದ ಆಂಡ್ರಿಯಾ ಮಿಕ್ಲೋಷ್ ಮುಂದಿದ್ದರು. ಕೊನೆಯ ನೇರ ದಾರಿಯಲ್ಲಿ ಹಿಮಾ ಎಲ್ಲರನ್ನೂ ದಾಟಿ 51.46 ಸೆಕೆಂಡಿನಲ್ಲಿ ಗೆದ್ದರು. ವಿಶ್ವ ಮಟ್ಟದ ಚಾಂಪಿಯನ್‌ಶಿಪ್‌ನಲ್ಲಿ ಟ್ರ್ಯಾಕ್ ಓಟದಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ರಾಷ್ಟ್ರಗೀತೆ ಮೊಳಗುವಾಗ ಅವರ ಕಣ್ಣಲ್ಲಿ ನೀರು ಬಂತು.

ಈ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ನನಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಅದಕ್ಕೆ ಮೂರು ತಿಂಗಳ ಹಿಂದೆ, ಏಪ್ರಿಲ್‌ನಲ್ಲಿ, ಹಿಮಾ ಇಲ್ಲೇ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಓಡಿದ್ದರು. ದೊಡ್ಡವರ ಜೊತೆಗಿನ ಆ ಫೈನಲ್‌ನಲ್ಲಿ ಆರನೆಯವರಾದರು. ಸಮಯ 51.32. ಇನ್ನೊಮ್ಮೆ ಓದಿ! ಆರನೇ ಸ್ಥಾನ ತಂದ ಓಟ, ಚಿನ್ನ ತಂದ ಓಟಕ್ಕಿಂತ 0.14 ಸೆಕೆಂಡ್ ಬೇಗ. ಆವತ್ತು ಹಿಮಾ ಅವರನ್ನು "ಎಷ್ಟನೇ ಬಂದೆ?" ಎಂದು ಮಾತ್ರ ಕೇಳಿದ್ದರೆ, ಈ ಹುಡುಗಿ ಏನು ಮಾಡಬಲ್ಲಳು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಈಗ ನಮ್ಮ ಕರ್ನಾಟಕದವರ ಕಥೆ. 2021ರ ಆಗಸ್ಟ್, ಕೀನ್ಯಾದ ನೈರೋಬಿ. ಕೋವಿಡ್ ಕಾರಣ ಒಂದು ವರ್ಷ ಮುಂದೆ ಹೋಗಿದ್ದ ಚಾಂಪಿಯನ್‌ಶಿಪ್. ಮೊದಲ ಬಾರಿಗೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಸೇರಿ ಓಡುವ ಮಿಶ್ರ ರಿಲೇ ಇತ್ತು. ಕರ್ನಾಟಕದ ಪ್ರಿಯಾ ಮೋಹನ್ ಭಾರತ ತಂಡದಲ್ಲಿದ್ದರು. ರಿಲೇ ಓಡಿದ ದಿನವೇ ತಮ್ಮ 400 ಮೀಟರ್ ಹೀಟ್ಸ್ ಕೂಡ ಓಡಿದರು. ರಿಲೇಯಲ್ಲಿ ಭಾರತಕ್ಕೆ 3 ನಿಮಿಷ 20.60 ಸೆಕೆಂಡಿಗೆ ಕಂಚು ಬಂತು. ಆಮೇಲೆ ನಡೆದ 400 ಮೀಟರ್ ಫೈನಲ್ ಅನ್ನು ನೈಜೀರಿಯಾದ ಇಮಾವೊಬಾಂಗ್ ಎನ್‌ಸೆ ಉಕೋ 51.55ರಲ್ಲಿ ಗೆದ್ದರು. ಪ್ರಿಯಾ 52.77 ಸೆಕೆಂಡಿನಲ್ಲಿ ನಾಲ್ಕನೆಯವರು.

ನಾಲ್ಕನೆಯವರಿಗೆ ಪದಕ ಇಲ್ಲ, ವೇದಿಕೆಯ ಫೋಟೋದಲ್ಲಿ ಜಾಗವೂ ಇಲ್ಲ. ಆದರೆ ಪ್ರಿಯಾ ಓಟ ಬಿಡಲಿಲ್ಲ. ಮರುವರ್ಷ ಕೊಲಂಬಿಯಾದ ಕಾಲಿಯಲ್ಲಿ ಮಿಶ್ರ ರಿಲೇ ತಂಡದಲ್ಲಿ ಮತ್ತೆ ಓಡಿದರು. ಈ ಸಲ ಬೆಳ್ಳಿ! ಅದೇ ತಂಡದಲ್ಲಿದ್ದ ಉತ್ತರ ಪ್ರದೇಶದ ರೂಪಲ್ ಚೌಧರಿ, 400 ಮೀಟರ್‌ನಲ್ಲೂ 51.85 ಸೆಕೆಂಡಿಗೆ ಕಂಚು ಗೆದ್ದರು.

ಈಗ ಬೆಟ್ಟಿ ಅವರ 52.0 ನೆನಪು ಮಾಡಿಕೊಳ್ಳಿ. ಒಂದು ಕಾಲದಲ್ಲಿ ಒಲಿಂಪಿಕ್ ಚಿನ್ನ ತಂದ ಸಮಯಕ್ಕಿಂತ ಬೇಗ ಓಡಿದರೂ 2022ರಲ್ಲಿ ಜೂನಿಯರ್ ಹುಡುಗಿಗೆ ಸಿಕ್ಕಿದ್ದು ಕಂಚು. ಹಾಗಂತ ಬೆಟ್ಟಿ ಕಡಿಮೆಯೇನಲ್ಲ. ಅವರು ಓಡಿದ್ದು ಕಿಟ್ಟದ ಪುಡಿ ಹಾಸಿದ ಟ್ರ್ಯಾಕಿನ ಮೇಲೆ, ಇವರು ಓಡಿದ್ದು ಸಿಂಥೆಟಿಕ್ ಟ್ರ್ಯಾಕಿನ ಮೇಲೆ. ಅಂದರೆ ಸ್ಥಾನ ಒಂದನ್ನೇ ನೋಡಿದರೂ ಪೂರ್ತಿ ಗೊತ್ತಾಗಲ್ಲ, ಸಮಯ ಒಂದನ್ನೇ ನೋಡಿದರೂ ಗೊತ್ತಾಗಲ್ಲ. ಯಾರ ಜೊತೆ, ಎಲ್ಲಿ, ಎಂಥ ದಿನ ಓಡಿದರು ಎನ್ನುವುದನ್ನೂ ಕೇಳಬೇಕು.

ನಾನು ಹಿಮಾ ಅಲ್ಲ, ಪ್ರಿಯಾನೂ ಅಲ್ಲ. ನನ್ನ ಸಮಯ 69 ಸೆಕೆಂಡ್. ಆದರೂ ಅದು ಹೋದ ವರ್ಷ 73 ಆಗಿತ್ತು.

ಅಪ್ಪ ಅಮ್ಮಂದಿರೇ, ನಿಮ್ಮಲ್ಲಿ ಒಂದು ಕೋರಿಕೆ. ಓಟವಿರಲಿ, ಗಣಿತದ ಪರೀಕ್ಷೆ ಇರಲಿ, ನಮ್ಮ ಕನ್ನಡ ಶಾಲೆಯ ಭಾಷಣ ಸ್ಪರ್ಧೆಯೇ ಇರಲಿ, "ಎಷ್ಟನೇ ಬಂದೆ?" ಎಂದು ಖಂಡಿತ ಕೇಳಿ. ಅದರ ಜೊತೆ "ಹೋದ ಸಲಕ್ಕಿಂತ ಹೇಗಾಯ್ತು?" ಎಂದೂ ಕೇಳಿ. ತಮ್ಮಂದಿರೇ, ತಂಗಿಯರೇ, ಯಾರೂ ಕೇಳದಿದ್ದರೆ ನೀವೇ ಹೇಳಿ.

ನಾನು ಹೇಳಿದೆ. ಮುಂದಿನ ಭಾನುವಾರ ಅಜ್ಜಿಗೆ ಹಿಮಾ ಕಥೆಯನ್ನೂ, ನನ್ನ ನಾಲ್ಕು ಸೆಕೆಂಡಿನ ಕಥೆಯನ್ನೂ ಹೇಳಿದೆ. ಅಜ್ಜಿ ಸ್ವಲ್ಪ ಯೋಚನೆ ಮಾಡಿ, "ಹಾಗಾದ್ರೆ ಮುಂದಿನ ವರ್ಷ ಎಷ್ಟು ಸೆಕೆಂಡು?" ಅಂದರು.

ಮುಂದಿನ ವರ್ಷವೂ ಓಡಬೇಕು ಎಂದು ನಾನು ತೀರ್ಮಾನಿಸಿದ್ದು ಆವಾಗಲೇ. ಮನೆಯಲ್ಲಿ ಇನ್ನೂ ಹೇಳಿಲ್ಲ. ಅಮ್ಮ ಈ ಪತ್ರಿಕೆಯನ್ನು ಓದುತ್ತಾರೆ.