ಹೊಳೆ ದಾಟಿದ ಹಣಕ್ಕೆ ಎರಡು ತೆರಿಗೆ

ಅಲ್ಲಿ ಗಳಿಸಿದ್ದಕ್ಕೆ ಅಲ್ಲಿಯೂ ತೆರಿಗೆ, ಇಲ್ಲಿಯೂ ತೆರಿಗೆಯೇ? ಇದು ಅಮೆರಿಕದಲ್ಲಿ ದುಡಿಯುವವರ ತಲೆನೋವು ಎಂದೇ ಸಾಮಾನ್ಯ ಎಣಿಕೆ. ಹುಬ್ಬಳ್ಳಿಯ ವರ್ತಕನಿಗೆ ಒಂದು ಕಾಲಕ್ಕೆ ಈ ತೊಡಕು ಸಮುದ್ರ ದಾಟದೆಯೇ ಎದುರಾಗುತ್ತಿತ್ತು. ತುಂಗಭದ್ರೆ ದಾಟಿದರೆ ಸಾಕಿತ್ತು.

ಧಾರವಾಡ ಜಿಲ್ಲೆ ಆಗ ಮುಂಬಯಿ ಇಲಾಖೆಗೆ, ಅಂದರೆ ಬ್ರಿಟಿಷರಿಗೆ ಸೇರಿತ್ತು. ಮಗ್ಗುಲಲ್ಲೇ ಇರುವ ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಸವಣೂರು ನವಾಬರದು. ಗದಗ ಬಿಟ್ಟು ಕೊಪ್ಪಳಕ್ಕೆ ಹೋದರೆ ನಿಜಾಮರ ಸೀಮೆ, ನಾಣ್ಯವೂ ಬೇರೆ. ರಾಣೆಬೆನ್ನೂರು ದಾಟಿ ಹರಿಹರದಲ್ಲಿ ಹೊಳೆ ದಾಟಿದರೆ ಮೈಸೂರು. ಬೀಗತನಕ್ಕೂ ವ್ಯಾಪಾರಕ್ಕೂ ಈ ಗೆರೆಗಳು ಅಡ್ಡಿಯಾಗಲಿಲ್ಲ. ತೆರಿಗೆ ಅಧಿಕಾರಿಗೆ ಮಾತ್ರ ಅವು ಪರರಾಜ್ಯಗಳೇ.

ಆದಾಯ ತೆರಿಗೆ ನಮ್ಮಲ್ಲಿಗೆ ಬಂದದ್ದು 1860ರಲ್ಲಿ, 1857ರ ದಂಗೆಯಿಂದ ಬರಿದಾದ ಬೊಕ್ಕಸ ತುಂಬಲು. ಬ್ರಿಟಿಷ್ ಇಂಡಿಯಾದ ವಿಸ್ತಾರವಾದ ಕಾಯ್ದೆ 1922ರಲ್ಲಿ ಬಂತು; ಮರುವರ್ಷ ಮೈಸೂರು ತನ್ನದೇ ಕಾಯ್ದೆ ಮಾಡಿಕೊಂಡಿತು. ಹುಬ್ಬಳ್ಳಿಯಲ್ಲಿ ಮನೆ, ದಾವಣಗೆರೆಯಲ್ಲಿ ಅರಳೆ ಅಂಗಡಿ ಇದ್ದವನೊಬ್ಬನನ್ನು ಊಹಿಸಿಕೊಳ್ಳಿ. ಅಂಗಡಿಯ ಲಾಭಕ್ಕೆ ಮೈಸೂರಿನ ತೆರಿಗೆ. ಅದೇ ಲಾಭವನ್ನು ಮೂರು ವರ್ಷದೊಳಗೆ ಊರಿಗೆ ತಂದರೆ 1922ರ ಕಾಯ್ದೆಯಂತೆ ಇಲ್ಲಿಯೂ ತೆರಿಗೆ. ತಾರದಿದ್ದರೆ ಇಲ್ಲ. ಗಳಿಸಿದ್ದನ್ನು ಹೊಳೆಯ ಆಚೆಗೇ ಬಿಡುವುದು ಜಾಣತನ ಎಂದು ಕಾಯ್ದೆಯೇ ಕಲಿಸಿಕೊಟ್ಟಂತಿತ್ತು! ಮಗಳ ಮದುವೆ ಕಾಯ್ದೆ ನೋಡಿ ಬರುವುದಿಲ್ಲವಲ್ಲ.

ಇಂಥ ಗಡಿ ತಕರಾರೊಂದು ಲಂಡನ್ನಿನವರೆಗೂ ಹೋಯಿತು. ಮಂಗಳೂರಿನ ಎಸ್.ಎಲ್. ಮಥಾಯಸ್ ಅವರ ಕಾಫಿ ತೋಟ ಮೈಸೂರು ಸೀಮೆಯಲ್ಲಿತ್ತು. ಮಂಗಳೂರು ಮದರಾಸು ಇಲಾಖೆಯಲ್ಲಿತ್ತು. ಬೆಳೆ ಅಲ್ಲಿ, ಮಾರಾಟ ಇಲ್ಲಿ. ಲಾಭ ಯಾವ ಸೀಮೆಯದು? ಹಣ ಕೈಸೇರಿದ್ದು ಮಂಗಳೂರಿನಲ್ಲಿ, ಆದ್ದರಿಂದ ಬ್ರಿಟಿಷ್ ತೆರಿಗೆ ತಪ್ಪದು ಎಂದು ಪ್ರಿವಿ ಕೌನ್ಸಿಲ್ 1930ರ ದಶಕದ ಕೊನೆಯಲ್ಲಿ ತೀರ್ಪಿತ್ತಿತು.

ವಿಚಿತ್ರವೆಂದರೆ, ಇಂಗ್ಲೆಂಡಿನೊಡನೆ ಇದಕ್ಕೆ ಪರಿಹಾರ 1920ರ ದಶಕದಲ್ಲೇ ಸಿಕ್ಕಿತ್ತು. ಒಂದೇ ಆದಾಯಕ್ಕೆ ಅಲ್ಲಿ 60, ಇಲ್ಲಿ 40 ರೂಪಾಯಿ ತೆರಿಗೆ ಬಿದ್ದರೆ ಎರಡೂ ಸರಕಾರಗಳು ಹಂಚಿಕೊಂಡು ರಿಯಾಯಿತಿ ಕೊಡುತ್ತಿದ್ದವು. ಒಟ್ಟಿನಲ್ಲಿ ಕಟ್ಟುವ ಹೊರೆ ಹೆಚ್ಚಿನದಾದ 60ನ್ನು ಮೀರುತ್ತಿರಲಿಲ್ಲ. ದೇಶೀ ಸಂಸ್ಥಾನಗಳಿಗಾಗಿ ರಿಯಾಯಿತಿಯ ನಿಯಮಾವಳಿ ಬಂದದ್ದು 1939ರಲ್ಲಿ. ಸಂಸ್ಥಾನದಲ್ಲಿ ತೆರಿಗೆ ಕಟ್ಟಿದ್ದನ್ನು ರುಜುವಾತು ಮಾಡಿದವನಿಗೆ ಒಂದು ಭಾಗ ಹಿಂದಕ್ಕೆ ಸಿಗುತ್ತಿತ್ತು.

1948ರ ಮಾರ್ಚ್‌ನಲ್ಲಿ ಜಮಖಂಡಿ, ಸಾಂಗಲಿ ಮೊದಲಾದ ಸಂಸ್ಥಾನಗಳು ಮುಂಬಯಿಯಲ್ಲಿ ವಿಲೀನವಾದವು. 1950ರ ಏಪ್ರಿಲ್ 1ರಿಂದ ಮೈಸೂರು, ಹೈದರಾಬಾದುಗಳಿಗೂ ಕೇಂದ್ರದ ಕಾಯ್ದೆಯೇ ಅನ್ವಯಿಸಿತು. ಹುಬ್ಬಳ್ಳಿ-ದಾವಣಗೆರೆ ನಡುವಿನ ತಕರಾರು ಅಲ್ಲಿಗೆ ಮುಗಿಯಿತು. ಕನ್ನಡಿಗರ ಏಕೀಕರಣಕ್ಕೆ ಇನ್ನೂ ಆರು ವರ್ಷವಿತ್ತು. ತೆರಿಗೆ ಇಲಾಖೆ ಅಷ್ಟರ ಮಟ್ಟಿಗೆ ಮುಂದಿತ್ತು ಎನ್ನಬೇಕು.

ಅಷ್ಟರಲ್ಲಿ ಹೊಸ ಗಡಿ ಹುಟ್ಟಿತ್ತು. ಸ್ವತಂತ್ರ ಭಾರತ 1947ರ ಡಿಸೆಂಬರ್‌ನಲ್ಲೇ ಪಾಕಿಸ್ತಾನದೊಡನೆ ಈ ಕುರಿತು ಒಪ್ಪಂದ ಮಾಡಿಕೊಂಡಿತು. ಅಮೆರಿಕದೊಡನೆ ಸಹಿ ಬಿದ್ದದ್ದು 1989ರಲ್ಲಿ. ಸರಳವಾಗಿ ಹೇಳುವುದಾದರೆ, ಭಾರತದ ನಿವಾಸಿಯಾದವನು ಅಲ್ಲಿಯ ಆದಾಯಕ್ಕೆ ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಆದರೆ ಆ ಆದಾಯಕ್ಕೆ ಇಲ್ಲಿ ಬೀಳುವ ತೆರಿಗೆಯ ಮಿತಿಯೊಳಗೆ. ಈ ರಿಯಾಯಿತಿ ತಾನಾಗಿ ಮನೆಗೆ ಬರುವುದಿಲ್ಲ. ಲೆಕ್ಕಪತ್ರದೊಡನೆ ಕೇಳಿ ಪಡೆಯಬೇಕು. ಅಲ್ಲಿ ತೆರಿಗೆ ಕಟ್ಟಿದ ದಾಖಲೆಯನ್ನು ಈಗಲೂ ತೋರಿಸಬೇಕು.